ಇಪ್ಪತ್ತು–ಸೊನ್ನೆಯ ಗೆಲುವು

ನಮ್ಮ ದೇಶದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಅಂತರರಾಷ್ಟ್ರೀಯ ಚರಿತ್ರೆ ಬಲು ಚಿಕ್ಕದು. ಹೋದರು, ಸೋತರು, ಪೇಟೆ ಸುತ್ತಿ ಬಂದರು, ಅಷ್ಟೇ. ನನ್ನ ಯಜಮಾನರು ಆ ತಂಡದ ನಾಯಕರಾಗಿದ್ದವರು, ಹಾಗಾಗಿ ನನಗೆ ಎಲ್ಲ ಬಾಯಿಪಾಠ. ಗೆದ್ದದ್ದು ಒಂದೇ ಪಂದ್ಯ, ಇವರು ನಾಯಕರಾಗಿದ್ದಾಗ. ಅದೂ ಎದುರಾಳಿಗಳ ವಿಮಾನ ಹೊರಡದೆ ಅವರು ಅಂಕಣಕ್ಕೇ ಬರದಿದ್ದುದರಿಂದ. ಬಾರದ ತಂಡ ಇಪ್ಪತ್ತು–ಸೊನ್ನೆಯಿಂದ ಸೋತಿತೆಂದು ಬರೆದುಕೊಳ್ಳುವುದು ಈ ಆಟದ ನಿಯಮ. ಆಡಿದವರಿಗೆಲ್ಲ ಅದು ಗೊತ್ತು.

ಗೊತ್ತಿಲ್ಲದವರು ಬ್ಯಾಸ್ಕೆಟ್‌ಬಾಲ್ ಸಂಘದ ಅಧ್ಯಕ್ಷರು. ಸಿಮೆಂಟ್ ವ್ಯಾಪಾರಿ, ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ. ಕಚೇರಿಯ ಗೋಡೆಗೆ ತಂಡದ ಸಾಧನೆಯ ಫಲಕ ಹಾಕಿಸಲು ಹೊರಟವರು ಆ ಅಂಕ ನೋಡಿ ಕುಣಿದಾಡಿಬಿಟ್ಟರಂತೆ. "ಒಂದೇ ಒಂದು ಪಾಯಿಂಟೂ ಬಿಟ್ಟುಕೊಟ್ಟಿಲ್ವಲ್ರೀ. ಇಂಥ ಡಿಫೆನ್ಸ್ ಆಡ್ಸಿದವರೇ ನಮಗೆ ಕೋಚ್ ಆಗ್ಬೇಕು" ಅಂದರಂತೆ. ಸುತ್ತ ಕೂತವರೆಲ್ಲ ಹೌದೌದು ಎಂದು ತಲೆಯಾಡಿಸಿದರಂತೆ. ಅದಕ್ಕೇ ತಾನೆ ಅವರಿಗೆ ಅಲ್ಲಿ ಕುರ್ಚಿ ಕೊಟ್ಟಿರುವುದು.

ಕೋಚ್ ಆಗಬೇಕೆಂಬುದು ನನ್ನ ಯಜಮಾನರ ಬಹುಕಾಲದ ಹಂಬಲ. ಆ ಗೆಲುವಿಗೆಂದು ಸಂಘದವರು ಇಟ್ಟುಕೊಂಡ ಸನ್ಮಾನದ ದಿನ ಇವರು ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತಿದ್ದಾಗ ಕೇಳಿದೆ.

"ರೀ, ನಿಜ ಹೇಳ್ತೀರಿ ತಾನೆ?"

"ಸುಮ್ನಿರೆ. ನಾನು ಕೋಚ್ ಆದ್ರೆ ಟೀಮಿಗೇ ಒಳ್ಳೇದು. ಅವರು ಏನಾದ್ರೂ ಅಂದ್ಕೊಳ್ಳಲಿ, ನಮ್ಮಪ್ಪನ ಗಂಟೇನು ಹೋಗುತ್ತೆ?"

"ಮಾನ ಹೋಗುತ್ತೆ," ಎಂದೆ. ಅವರು ಟೈ ಬಿಚ್ಚಿ ಮತ್ತೆ ಕಟ್ಟಿಕೊಂಡರು.

ವೇದಿಕೆಯ ಮೇಲೆ ಅಧ್ಯಕ್ಷರು ಇವರ ಹೆಗಲಿಗೆ ಕೈಹಾಕಿ, "ಹೇಗೆ ಸಾಧಿಸಿದ್ರಿ, ಕ್ಯಾಪ್ಟನ್?" ಎಂದು ಮೈಕಿನಲ್ಲಿ ಕೇಳಿದರು. ಇವರು ಗಂಟಲು ಸರಿಮಾಡಿಕೊಂಡು, "ಎಲ್ಲರೂ ಜೀವ ಒತ್ತೆಯಿಟ್ಟು ಆಡಿದ್ರು ಸಾರ್" ಎಂದರು. ಥೂ, ಕಟ್ಟಿಕೊಂಡ ಗಂಡನ ಬಾಯಲ್ಲಿ ಎಂಥ ಮಾತು. ಹಿಂದಿನ ಸಾಲಿನಲ್ಲಿದ್ದ ಈಗಿನ ಆಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗಂತೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇವರೇ ಕೋಚ್ ಎಂದು ಅಧ್ಯಕ್ಷರು ಅಲ್ಲೇ ಸಾರಿದರು.

ಮರುದಿನ ಮೊದಲ ಅಭ್ಯಾಸಕ್ಕೆ ನನ್ನನ್ನೂ ಒತ್ತಾಯಮಾಡಿ ಕರೆದುಕೊಂಡು ಹೋದರು. ಸೀಟಿ ಊದಿದೊಡನೆ ಆಟಗಾರರು ಸಾಲಾಗಿ ನಿಂತರು. ಎದುರಾಳಿಯನ್ನು ಹೇಗೆ ತಡೆಯಬೇಕು, ಕಾಲು ಎಲ್ಲಿಡಬೇಕು ಎಂದು ಇವರು ಹೇಳತೊಡಗಿದರು. ಹೇಳುತ್ತಿದ್ದುದೆಲ್ಲ ಸರಿಯಾಗಿಯೇ ಇತ್ತು, ಅದೇ ಹೊಟ್ಟೆ ಉರಿಸುವ ಸಂಗತಿ.

ಈಗಿನ ತಂಡದ ನಾಯಕ ವಿನಯದಿಂದ ಕೈಯೆತ್ತಿದ.

"ಸಾರ್, ಆವತ್ತು ಆಡಿದ್ರಲ್ಲ, ಆ ಆಟ ಮೊದ್ಲು ತೋರ್ಸಿ. ಎದುರಾಳಿಗಳು ನಾವಾಗ್ತೀವಿ."

ಇವರು ಹುಂ ಎನ್ನುವಷ್ಟರಲ್ಲಿ ಅವನು ಚೆಂಡನ್ನು ಇವರ ಕೈಗಿತ್ತು ಬಾಗಿಲ ಕಡೆ ನಡೆದ. ಉಳಿದವರೂ ಚೀಲ ಹೆಗಲಿಗೇರಿಸಿಕೊಂಡು ಅವನ ಹಿಂದೆಯೇ ಹೋದರು. ಅಷ್ಟು ದೊಡ್ಡ ಅಂಕಣದ ನಡುವೆ ಇವರೊಬ್ಬರೇ ಚೆಂಡು ಹಿಡಿದು ನಿಂತು ನನ್ನ ಕಡೆ ನೋಡಿದರು.

ನಾನೂ ಎದ್ದು ಹೊರಟೆ.