ಎಡಗೈಯ ತಡ

ಹೊಗಳಿ ಅಟ್ಟ ಹತ್ತಿಸಿ ಏಣಿ ತೆಗೆಯುವವರು ಎಲ್ಲ ಕಡೆಯೂ ಒಬ್ಬರಾದರೂ ಇರುತ್ತಾರೆ. ರಾಜಾಜಿನಗರದ ಆ ವಾದ್ಯವೃಂದದಲ್ಲಿ ಅಂಥವನು ಯಜಮಾನ ನಾಗಭೂಷಣ್. ಅಟ್ಟ ಹತ್ತಿದವನು ಕೆಂಗೇರಿಯ ಢೋಲಕ್ ಸಿದ್ದೇಶ.

ವರ್ಷದಿಂದೀಚೆಗೆ ಸಿದ್ದೇಶನ ಎಡಗೈ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಬಲಗೈ ಮುಂದೆ ಹೋಗಿ ಕಾಯುವುದು, ಎಡಗೈ ಆಮೇಲೆ ಬಂದು ಸೇರುವುದು. ತಾಳ ತಪ್ಪುತ್ತಿರಲಿಲ್ಲ, ತೂಗುತ್ತಿತ್ತು. ಭಜನೆಯಾಗಲಿ, ಗಜಲ್ ಆಗಲಿ, ಇಂಗ್ಲಿಷಿನ ಬ್ಲೂಸೇ ಆಗಲಿ, ಆ ತಡದ ಮೇಲೆ ಕೂತರೆ ತೊಟ್ಟಿಲಲ್ಲಿಟ್ಟಂತೆ ಜೀಕುತ್ತಿತ್ತು. ಸ್ವಿಂಗ್ ಅನ್ನೋದು ಇದಕ್ಕೇ, ಕಲಿತರೆ ಬರೋದಲ್ಲ ಎಂದು ನಾಗಭೂಷಣ್ ಎಲ್ಲರೆದುರು ಹೇಳಿದ. ನಲವತ್ತು ದಾಟಿದ ಮೇಲೆ ಸಿಕ್ಕ ಮೊದಲ ಹೊಗಳಿಕೆ. ಸಿದ್ದೇಶ ಹಿಗ್ಗಿ ಹೀರೇಕಾಯಿಯಾದ.

ಅಂಗಿಯ ಗುಂಡಿ ಹಾಕುವುದಕ್ಕೂ ಆ ಕೈ ತಡಮಾಡತೊಡಗಿದಾಗ ಹೆಂಡತಿ ಕಲಾ ಅವನನ್ನು ಡಾಕ್ಟರ ಹತ್ತಿರ ಎಳೆದೊಯ್ದಳು. ನರದ ಕಾಯಿಲೆ, ದಿನಾ ಮಾತ್ರೆ ನುಂಗಬೇಕು ಎಂದರು. ತಿಂಗಳಲ್ಲಿ ಗುಂಡಿ ಸಲೀಸಾಗಿ ಹಾಕಿಕೊಂಡ. ಢೋಲಕ್ಕಿನ ಪೆಟ್ಟೂ ಸರಿಯಾದ ಹೊತ್ತಿಗೇ ಬಿತ್ತು, ಆದರೆ ತೂಗಲಿಲ್ಲ.

ರೆಕಾರ್ಡಿಂಗಿನ ದಿನ ನಾಗಭೂಷಣ್ ಎರಡು ಸಾಲು ಕೇಳಿ ನಿಲ್ಲಿಸಿದ.

"ಮಾತ್ರೆ ತಗೋತಾ ಇದೀಯಾ?"

ಸಿದ್ದೇಶ ಅವನಿಗೆ ಕಾಯಿಲೆಯ ವಿಷಯವನ್ನೇ ಹೇಳಿರಲಿಲ್ಲ. ನಾಗಭೂಷಣನ ಅಪ್ಪನಿಗೂ ಇದೇ ಇತ್ತಂತೆ. ಮೊದಲ ದಿನವೇ ಗುರುತು ಹಿಡಿದವನು ವರ್ಷವಿಡೀ ಬಾಯಿ ಬಿಟ್ಟಿರಲಿಲ್ಲ, ಪಾಪಿ. ತನ್ನದೆಂದುಕೊಂಡ ವಿದ್ಯೆ ರೋಗದ್ದೆಂದು ತಿಳಿದ ಸಿದ್ದೇಶ ಢೋಲಕ್ ಪಕ್ಕಕ್ಕಿಟ್ಟ. ಮೂರು ವಾರ ಮಾತ್ರೆ ಬಿಡು, ಸರಿಯಾಗಿ ಬಾರಿಸೋರು ಬೀದಿಗೆ ಹತ್ತು ಜನ ಸಿಗ್ತಾರೆ, ಅದಕ್ಕೆ ನೀನೇ ಯಾಕೆ ಎಂದ ನಾಗಭೂಷಣ್.

ಸಿದ್ದೇಶ ಬಿಟ್ಟ. ಕಲಾಳ ಕಣ್ಣು ತಪ್ಪಿಸಿ ದಿನಕ್ಕೊಂದು ಮಾತ್ರೆಯನ್ನು ಬಚ್ಚಲಿಗೆ ಹಾಕಿದ.

ಮೂರು ವಾರದಲ್ಲಿ ತಡವೇನೋ ಮರಳಿತು, ಕೈ ಮಾತ್ರ ಕೊರಡಾಗಿತ್ತು. ಮತ್ತೆ ರೆಕಾರ್ಡಿಂಗಿಗೆ ಕೂತಾಗ ಅರ್ಧ ನಿಮಿಷ ನುಡಿಸುವಷ್ಟರಲ್ಲಿ ಬೆರಳು ಮಡಚಿಕೊಂಡವು. ಒಂಚೂರು ತಾಳಿ, ಪೂರ್ತಿ ನುಡಿಸಿಯೇ ಕೊಡ್ತೀನಿ ಎಂದು ಬೇಡಿಕೊಂಡ.

"ಬೇಡ ಬಿಡು ಗುರು. ನಾಲ್ಕು ಆವರ್ತ ರೆಕಾರ್ಡ್ ಆಗಿ ಸಿಕ್ತು, ಸಾಕು. ಇನ್ಮೇಲೆ ಎಲ್ಲಾ ಹಾಡಿಗೂ ಕಂಪ್ಯೂಟರೇ ಅದನ್ನ ತಿರುಗಿ ತಿರುಗಿ ನುಡಿಸುತ್ತೆ. ನೀನಿನ್ನು ಮಾತ್ರೆ ತಗೋ, ಹೋಗು."

ಢೋಲಕ್ ಹೆಗಲಿಗೆ ಹಾಕಿಕೊಂಡು ಸಿದ್ದೇಶ ಮೆಟ್ಟಿಲಿಳಿದ. ಮೇಲಿನ ಕೋಣೆಯಲ್ಲಿ ಅವನದೇ ಎಡಗೈ ಒಂದಿಷ್ಟೂ ದಣಿಯದೆ ತೂಗುತ್ತಿತ್ತು. ಅವನು ಬಲಗೈಯಲ್ಲಿ ಕಂಬಿ ಹಿಡಿದು ಅಲ್ಲೇ ಕೂತುಬಿಟ್ಟ.