ಎರಡನೇ ಕ್ಯಾಮೆರಾ

೧೯೧೮ರ ಆಗಸ್ಟ್‌ನ ಆ ವಾರ ನನ್ನ ಕತ್ತರಿ ಓಡುತ್ತಲೇ ಇರಲಿಲ್ಲ. ಹಾಲಿವುಡ್‌ನ ಸಣ್ಣ ಸ್ಟುಡಿಯೋವೊಂದರಲ್ಲಿ ಫಿಲ್ಮು ಕತ್ತರಿಸಿ ಅಂಟಿಸುವುದು ನನ್ನ ಕೆಲಸ. ನಮ್ಮ ನಾಯಕನಟ ವರ್ಜಿಲ್ ಮುಂದಿನ ಸೋಮವಾರ ನಿಜವಾಗಿಯೂ ಸೈನ್ಯಕ್ಕೆ ಹೊರಡುವವನಿದ್ದ. ಅದಕ್ಕೇ ಸಿನಿಮಾದಲ್ಲಿ ಅವನು ಯುದ್ಧಕ್ಕೆ ಹೊರಡುವ ದೃಶ್ಯವನ್ನು ಮಂಗಳವಾರವೇ ಅವಸರದಲ್ಲಿ ತೆಗೆದರು. ಎರಡು ವರ್ಷ ನನ್ನ ಜೊತೆ ಓಡಾಡಿದವನು ಮದುವೆಯ ಮಾತು ಮಾತ್ರ ಎತ್ತಿರಲಿಲ್ಲ.

ಈಗ ನನ್ನ ಮುಂದಿದ್ದ ರೀಲಿನಲ್ಲಿ ಅವನು ನಾಯಕಿ ವಯೋಲಾಳನ್ನು ತಬ್ಬಿಕೊಂಡು ಅಳುತ್ತಿದ್ದ. ನಟನೆಯ ಅಳು ನನಗೆ ಗೊತ್ತು, ವರ್ಷಗಟ್ಟಲೆ ಕತ್ತರಿಸಿದ್ದೇನೆ. ಇದು ಅದಲ್ಲ. ಏನೋ ಹೇಳುತ್ತಲೂ ಇದ್ದ. ಮೂಕ ಸಿನಿಮಾದಲ್ಲಿ ನಟರು ಏನು ಬೇಕಾದರೂ ಮಾತಾಡಬಹುದು, ಕೇಳುವವರಿಲ್ಲ. ಆದರೆ ತುಟಿ ನೋಡಿ ನೋಡಿ ನಮ್ಮಂಥವರಿಗೆ ಅರ್ಥವಾಗಿಬಿಡುತ್ತದೆ. ಹಾಳಾದ್ದು, ವಯೋಲಾಳ ಟೋಪಿಯ ಅಂಚು ಅವನ ಬಾಯಿಗೆ ಅಡ್ಡ ಬಂದಿತ್ತು.

“ಅವಳನ್ನೇ ಕಟ್ಕೊಳ್ಳಲಿ ಬಿಡು, ಹ್ಯಾಟಿ. ಇನ್ನು ನನ್ನ ಮುಖ ನೋಡಬೇಡ ಅಂತ ಅವನಿಗೆ ಇವತ್ತೇ ಹೇಳಿಬಿಡ್ತೀನಿ,” ಅಂದೆ.

ಪಕ್ಕದ ಮೇಜಿನ ಹ್ಯಾಟಿ ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. “ಆರ್ಫಾ, ಮೂತಿ ಊದಿಸ್ಕೊಂಡು ಕೂರೋ ಬದಲು ಎರಡನೇ ಕ್ಯಾಮೆರಾದ ರೀಲು ನೋಡೇ,” ಅಂದಳು.

ಹೊರದೇಶಕ್ಕೆ ಕಳಿಸುವ ಪ್ರತಿಗಾಗಿ ಪಕ್ಕದಲ್ಲೇ ಇನ್ನೊಂದು ಕ್ಯಾಮೆರಾ ಇಟ್ಟಿರುತ್ತಾರೆ, ಎರಡಡಿ ಆಚೆಗೆ. ಅಷ್ಟೇ ಸಾಕಾಯಿತು. ಅದರಲ್ಲಿ ಅವನ ಬಾಯಿ ಪೂರ್ತಿ ಕಾಣುತ್ತಿತ್ತು. ಫಿಲ್ಮು ನೋಡುವ ಯಂತ್ರದ ಹಿಡಿಯನ್ನು ನಿಧಾನವಾಗಿ ತಿರುಗಿಸುತ್ತಾ ಅವನ ತುಟಿ ಓದಿದೆ.

“ಆರ್ಫಾಳನ್ನ ಮದುವೆಗೆ ಹೇಗೆ ಕೇಳಲಿ? ನಾನು ಸತ್ತರೆ? ಅವಳು ಬರೀ ಪಾಪ ಅಂತ ಒಪ್ಕೊಂಡುಬಿಟ್ಟರೆ?”

ವಯೋಲಾ ಅವನ ಕೆನ್ನೆ ಸವರಿ, ಕಣ್ಣಲ್ಲಿ ಪಾತ್ರದ ಪ್ರೀತಿ ತುಂಬಿಕೊಂಡು, “ಹೋಗಿ ಕೇಳೋ, ಕತ್ತೆ,” ಅನ್ನುತ್ತಿದ್ದಳು.

ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಯಿತು. ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ. ಹ್ಯಾಟಿ ತನ್ನ ಕರವಸ್ತ್ರ ಎಸೆದು, “ಫಿಲ್ಮಿನ ಮೇಲೆ ಮಾತ್ರ ಸುರಿಸಬೇಡ,” ಅಂದಳು.

ನಾನು ಹೊರಗೆ ಓಡಿದೆ. ವರ್ಜಿಲ್ ಸೈನಿಕನ ವೇಷದಲ್ಲೇ ಸ್ಟುಡಿಯೋದ ಉಗ್ರಾಣದ ಮೆಟ್ಟಿಲ ಮೇಲೆ ಕೂತು ಆಪಲ್ ಪೈ ತಿನ್ನುತ್ತಿದ್ದ.

“ಸರಿ, ನಾನು ಒಪ್ಪಿದೆ. ಶನಿವಾರ ಆಗಬಹುದು,” ಅಂದೆ.

“ಏನು ಶನಿವಾರ? ನಾನೇನೂ ಕೇಳಲಿಲ್ವಲ್ಲ.”

“ಮಂಗಳವಾರ ಕೇಳಿದೆಯಲ್ಲ, ಎರಡು ಕ್ಯಾಮೆರಾ ಮುಂದೆ.”

ಅವನ ಕಿವಿ ಕೆಂಪಾಯಿತು. ಬಾಯಲ್ಲಿದ್ದದ್ದನ್ನು ನುಂಗಲು ಒದ್ದಾಡಿದ.

“ಪಾಪ ಅಂತ ಅಲ್ಲ ಕಣೋ,” ಅಂದೆ. “ನೀನು ಸತ್ತರೆ ವಿಧವೆ ಆಗ್ತೀನಿ, ಆಗಲಿ. ಆದರೆ ನಿನಗೆ ಏನೂ ಅಲ್ಲದವಳಾಗಿ ಮಾತ್ರ ನಾನು ಕಾಯಲ್ಲ.”

ಅವನು ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ನನಗೆ ಜಾಗ ಮಾಡಿಕೊಟ್ಟ.