ಐದು ಗ್ರಾಂ ತೂಕ

ಟಕ್ ಎಂದಿತು. ಒಂದೇ ಸಲ.

ಸಿತಾರಾ ಕತ್ತಲಲ್ಲಿ ಕಣ್ಣು ಬಿಟ್ಟಳು. ಹಲ್ಲಿ ಇರಲಾರದು, ಹಲ್ಲಿ ಒಂದೇ ಸಲ ಲೊಚಗುಟ್ಟಿ ಸುಮ್ಮನಾಗುವುದಿಲ್ಲ. ನಲ್ಲಿಯೂ ಅಲ್ಲ. ಮಲಗುವ ಮುಂಚೆ ಅದನ್ನು ತಾನೇ ಬಿಗಿದು, ಬಿಗಿದಿದೆಯೇ ಎಂದು ಮತ್ತೊಮ್ಮೆ ಹೋಗಿ ನೋಡಿ ಬಂದಿದ್ದಳು. ಗ್ಯಾಸು, ಬಾಗಿಲ ಚಿಲಕ, ಹಿತ್ತಲ ಕಿಟಕಿ ಎಲ್ಲವನ್ನೂ ಮಲಗಿದಲ್ಲಿಂದಲೇ ಮನಸ್ಸಿನಲ್ಲಿ ಮುಟ್ಟಿ ಬಂದಳು. ಪಕ್ಕದಲ್ಲಿ ಗಂಡ ಮುಜಾಫರ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಮಣಿಕಟ್ಟು ಮುರಿದ ಮೇಲೆ ಅವನು ಹಾಗೆಯೇ ಮಲಗುತ್ತಿದ್ದ, ಯಾರೋ ಇಟ್ಟುಹೋದ ಸಾಮಾನು ಕಾಯುವವನ ಹಾಗೆ.

ಆಗ ಅವಳಿಗೆ ವಿಮಾನ ನೆನಪಾಯಿತು.

ಪಡಸಾಲೆಗೆ ಬಂದು ಮೊಬೈಲಿನ ಬೆಳಕು ಹಿಡಿದಳು. ಮೇಜಿನ ಮೇಲೆ ಒಂದು ರಟ್ಟು, ರಟ್ಟಿನ ಮೇಲೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ವಿಮಾನ. ಮೂರು ಗಾಲಿಗಳನ್ನು ಸಂಜೆಯಷ್ಟೇ ಅಂಟಿಸಿದ್ದರು. ಅಂಟು ಗಟ್ಟಿಯಾಗಲಿ ಎಂದು ಮುಂದಿನ ಗಾಲಿಯನ್ನು ಮುಜಾಫರ ಕಾಗದದ ಟೇಪಿನಿಂದ ರಟ್ಟಿಗೆ ಬಿಗಿದಿದ್ದ. ಹಳೆಯ ಟೇಪು ಬಿಟ್ಟುಕೊಂಡಿತ್ತು. ವಿಮಾನ ಮೂಗು ಮೇಲೆತ್ತಿ, ಬಾಲ ಊರಿ ಕೂತಿತ್ತು. ಸಿತಾರಾ ಬೆರಳ ತುದಿಯಿಂದ ಮೂಗನ್ನು ಮೆಲ್ಲಗೆ ಒತ್ತಿದಳು. ಕೆಳಗೆ ಬಂತು. ಬೆರಳು ತೆಗೆದಳು.

ಟಕ್.

ಬೆಳಿಗ್ಗೆ ಅವನು ಇದನ್ನು ನೋಡಬಾರದು ಎಂದಷ್ಟೇ ಆ ಹೊತ್ತಿಗೆ ಅವಳಿಗೆ ಹೊಳೆದದ್ದು.

ಮುಜಾಫರ ಲಾರಿಗಳ ಮೇಲೆ ಅಕ್ಷರ ಬರೆಯುವ ಪೇಂಟರ್. ಗಬ್ಬೂರಿನ ಬೈಪಾಸ್ ಬದಿಯಲ್ಲಿ ರಾಜಶೇಖರನ ಗ್ಯಾರೇಜಿನಲ್ಲಿ ಅವನ ಕೆಲಸ. ಸ್ಟಿಕ್ಕರು ಕತ್ತರಿಸುವ ಯಂತ್ರ ಬಂದ ಮೇಲೂ, ತಮ್ಮ ಗಾಡಿಯ ಹೆಸರನ್ನು ಮುಜಾಫರನ ಕೈಯಿಂದಲೇ ಬರೆಸಬೇಕೆಂದು ಕಾದು ನಿಲ್ಲುವ ಡ್ರೈವರುಗಳಿದ್ದರು. ಎರಡು ಮಳೆಗಾಲದ ಹಿಂದೆ ಬೈಪಾಸಿನ ಮರಳಿನ ಮೇಲೆ ಬೈಕು ಜಾರಿ ಬಲ ಮಣಿಕಟ್ಟು ಮುರಿಯಿತು. ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಹಾಕಿದರು. ಚಳಿಗೆ ಅದು ಚುಚ್ಚತೊಡಗಿದಾಗ ಮತ್ತೆ ಕೊಯ್ದು ತೆಗೆದರು. ಎಲುಬು ಚೆನ್ನಾಗಿ ಕೂಡಿದೆ ಎಂದು ಡಾಕ್ಟರು ಹೇಳಿದ್ದರು. ಆದರೂ ಅವನು ಗ್ಯಾರೇಜಿಗೆ ಮರಳಿರಲಿಲ್ಲ.

"ಕೈ ತಿರಗತೈತಿ, ಖರೆ. ತೂಕ ಗೊತ್ತಾಗೂದಿಲ್ಲ," ಎನ್ನುತ್ತಿದ್ದ ಮುಜಾಫರ. "ಬ್ರಷ್ ಹಿಡದ್ರ ಹಿಡದಂಗ ಅನಸೂದಿಲ್ಲ. ಎಷ್ಟು ಬಣ್ಣ ಕುಡದೈತಿ ಅಂತ ಬ್ರಷ್ ಕೈಗೆ ಹೇಳಬೇಕು. ಅದು ಮಾತಾಡೂದ ಬಿಟ್ಟೈತಿ."

ಸಿತಾರಾ ಸಮಾಧಾನ ಹೇಳುವುದನ್ನು ಬಿಟ್ಟಿದ್ದಳು. ಒಮ್ಮೆ ಅವನ ಕೈಯಿಂದ ಚಹಾದ ಕಪ್ಪು ಜಾರಿದಾಗ, ಕಪ್ಪಿನ ಹಿಡಿಕೆ ಒದ್ದೆಯಿತ್ತು ಎಂದಿದ್ದಳು. ಒದ್ದೆ ಇದ್ದದ್ದು ನಿಜ. "ನನ್ನ ಕೈಗೆ ನೀ ವಕೀಲ ಆಗಬ್ಯಾಡ," ಎಂದು ಅವನು ಹೊರಗೆ ಹೋಗಿದ್ದ. ಆಮೇಲೆ ಎಂಥ ನಿಜವಾದ ಕಾರಣವನ್ನು ಹೇಳಿದರೂ ಅದು ಅವನ ಕಿವಿಯಲ್ಲಿ ಸಮಾಧಾನವಾಗಿಯೇ ಕೇಳಿಸುತ್ತಿತ್ತು.

ಈ ವಿಮಾನ ಬಂದದ್ದು ಪಕ್ಕದ ಮನೆಯ ಪಂಢರಿನಾಥ ಕಾಕಾನಿಂದ. ಅಟ್ಟ ತೆಗೆಯುವಾಗ ಸಿಕ್ಕಿತೆಂದು ಬಣ್ಣ ಮಾಸಿದ ಡಬ್ಬಿ ತಂದುಕೊಟ್ಟಿದ್ದರು. ಅವರು ಕಾಲೇಜಿನಲ್ಲಿದ್ದಾಗ ಸೋದರಮಾವ ಮುಂಬೈಯಿಂದ ತಂದದ್ದಂತೆ. ಹಂಟರ್ ಎಂಬ ಹಳೆಯ ಕಾಲದ ಜೆಟ್ಟು. ಬೂದು ಪ್ಲಾಸ್ಟಿಕ್ ಕಡ್ಡಿಗಳಿಗೆ ರೆಕ್ಕೆ, ಬಾಲ, ಗಾಲಿ ಎಲ್ಲ ಕಾಯಿಗಳಂತೆ ಅಂಟಿಕೊಂಡಿದ್ದವು. "ನನಗಂತೂ ಮುಹೂರ್ತ ಕೂಡಲಿಲ್ಲ. ನಿನಗ ಹೊತ್ತು ಹೋಗತೈತಿ, ತಗೊ," ಎಂದಿದ್ದರು ಕಾಕಾ. ಮುಜಾಫರ ಬೇಡವೆನ್ನುತ್ತಾನೆಂದು ಸಿತಾರಾ ಕಾದಳು. ಅವನು ಡಬ್ಬಿಯನ್ನು ಮೂಸಿ ನೋಡಿ ಒಳಗೆ ತಂದ.

ಇಬ್ಬರಿಗೂ ಹೊಸ ಕೆಲಸ. ಗ್ಯಾರೇಜಿನ ಅಭ್ಯಾಸದಂತೆ ಮೊದಲ ದಿನವೇ ಅವನು ಥಿನ್ನರಿನ ಬಟ್ಟೆಯಿಂದ ರೆಕ್ಕೆ ಒರೆಸಿದ. ಲಾರಿಯ ತಗಡಿಗೆ ಏನೂ ಮಾಡದ ಥಿನ್ನರು ಪ್ಲಾಸ್ಟಿಕ್ಕನ್ನು ಬೆಲ್ಲದಂತೆ ಮೆತ್ತಗೆ ಮಾಡಿತು. ಅವನ ಹೆಬ್ಬೆರಳಿನ ಗುರುತು ರೆಕ್ಕೆಯ ಅಡಿಯಲ್ಲಿ ಉಳಿದುಬಿಟ್ಟಿತು. ನೀರಿನಲ್ಲಿ ನೆನೆಸಿ ಅಂಟಿಸಬೇಕಾದ ಗುರುತಿನ ಚೀಟಿಗಳು ವಯಸ್ಸಾಗಿ ಬಟ್ಟಲಿನಲ್ಲೇ ಪುಡಿಯಾದವು. ಕೊನೆಗೆ ಕೇಸರಿ, ಬಿಳಿ, ಹಸಿರಿನ ವೃತ್ತಗಳನ್ನು ರೆಕ್ಕೆಯ ಮೇಲೆ ಕೈಯಲ್ಲೇ ಬರೆದ. ಒಂದು ವೃತ್ತ ಮುಗಿಯುವ ತನಕ ಸಿತಾರಾ ಅಡಿಗೆಮನೆಯಲ್ಲಿ ಪಾತ್ರೆ ಮುಟ್ಟಲಿಲ್ಲ. ವೃತ್ತ ದುಂಡಗಿತ್ತು. ಅವಳಿಗೆ ಅಷ್ಟೇ ಸಾಕಾಗಿತ್ತು. ಅವನಿಗೆ ಸಾಕಾಗಲಿಲ್ಲ. "ಇದು ಕಣ್ಣಿಲೆ ಮಾಡಿದ್ದು. ಕೈಲೆ ಅಲ್ಲ," ಎಂದ.

ಮಡಿಕೆಗಳಲ್ಲಿ ಹರಿದಿದ್ದ ಇಂಗ್ಲಿಷ್ ಹಾಳೆಯನ್ನು ಓದಿ ಹೇಳುವುದು ಅವಳ ಪಾಲಿನ ಕೆಲಸ. ಧಾರವಾಡದ ಕೋಚಿಂಗ್ ಸೆಂಟರೊಂದರಲ್ಲಿ ಪ್ರಶ್ನೆಪತ್ರಿಕೆಗಳ ತಪ್ಪು ತಿದ್ದುವವಳು ಅವಳು; ಒಂದು ಕೊಂಬು, ಒಂದು ದೀರ್ಘ ತಪ್ಪಿದರೂ ಬಸ್ಸಿನಲ್ಲಿ ಮನೆಗೆ ಬರುವ ತನಕ ಚಡಪಡಿಸುವವಳು.

"ಮೂಗಿನ ಚಿತ್ರದ ಹತ್ರ 'ವೇಟ್, ಐದು ಗ್ರಾಂ' ಅಂತ ಬರದೈತ್ರಿ," ಎಂದಿದ್ದಳು ಒಂದು ದಿನ.

"ಅಷ್ಟ ಹಗರ ಏನಿದು?"

"ಬಿಸ್ಕಿಟ್ ಪುಡಾದ ಮ್ಯಾಲೆ ಬರದಿರತಾರಲ್ರಿ, ಹಂಗ ಇರಬೇಕು."

"ಛಲೋ ಆತು ಬಿಡು. ಪೆಟ್ರೋಲ್ ಉಳೀತು."

ಇಬ್ಬರೂ ನಕ್ಕು ವಿಮಾನದ ಎರಡು ಹೋಳುಗಳನ್ನು ಅಂಟಿಸಿಬಿಟ್ಟಿದ್ದರು.

ನಿನ್ನೆ ಸಂಜೆ ಟೇಪು ಬಿಗಿದ ಮೇಲೆ ಮುಜಾಫರ ಹೇಳಿದ್ದ: "ರಾಜಶೇಖರ ಫೋನ್ ಮಾಡಿದ್ದ. ಬರತೀಯೋ ಇಲ್ಲೋ ಹೇಳು ಅಂತಾನ. ನಾಳೆ ಟೇಪ್ ತಗೀತೇನಿ. ನೆಟ್ಟಗ ನಿಂತ್ರ ಬರತೇನಿ ಅಂತೇನಿ. ಇಲ್ಲಂದ್ರ ನನ್ನ ಬ್ರಷ್ ಎಲ್ಲಾ ಆ ಹೊಸಾ ಪೇಂಟರ್ ಫರಾಜಗ ಕೊಟ್ಟು ಬಿಡತೇನಿ."

"ಆಟಗಿ ಸಾಮಾನಿನ ಮ್ಯಾಲೆ ಇಂಥಾ ಮಾತು ಇಡತಾರೇನ್ರಿ?"

"ನೀ ದಿನಾ ಮಂದಿ ಪರೀಕ್ಷಾದ ಪೇಪರ್ ತಿದ್ದತಿ. ಇದು ನಂದು. ಇದನ್ನ ತಿದ್ದಬ್ಯಾಡ."

ಈಗ ಕತ್ತಲಲ್ಲಿ ಅವಳು ಹಾಳೆಯನ್ನು ಬಿಡಿಸಿ ಮೊಬೈಲಿನ ಬೆಳಕಿನಲ್ಲಿ ನೋಡಿದಳು. ಐದು ಗ್ರಾಂ ಎಂಬ ಅಕ್ಷರದಿಂದ ಒಂದು ಸಣ್ಣ ಬಾಣ ಹೊರಟು ಮೂಗಿನ ಒಳಗೆ ಹೋಗಿತ್ತು. ಬಿಸ್ಕಿಟ್ ಪುಡಾದ ಮೇಲೆ ಬಾಣ ಇರುವುದಿಲ್ಲ. ವಿಮಾನ ಎಷ್ಟು ತೂಗುತ್ತದೆ ಎಂದಲ್ಲ, ಮುಚ್ಚುವ ಮುಂಚೆ ಮೂಗಿನಲ್ಲಿ ಎಷ್ಟು ತೂಕ ಇಡಬೇಕು ಎಂದು ಅದರ ಅರ್ಥ. ಕೈಯ ತಪ್ಪಲ್ಲ. ಓದಿದವಳ ತಪ್ಪು.

ಅವನನ್ನು ಎಬ್ಬಿಸಿ ಹೇಳಬಹುದಿತ್ತು. ಕೋಣೆಯ ಬಾಗಿಲ ತನಕ ಹೋದಳು ಕೂಡ. ಎದ್ದವನು ಮೊದಲು ನೋಡುವುದು ಬಾಲದ ಮೇಲೆ ಕೂತ ವಿಮಾನವನ್ನು, ಆಮೇಲೆ ತನ್ನ ಕೈಯನ್ನು. ಅವಳ ಮಾತು ಮೂರನೆಯದಾಗಿ ಬರುತ್ತದೆ, ವಕೀಲರ ಮಾತಾಗಿ. ತಿರುಗಿ ಬಂದಳು.

ಪೈಲಟ್ ಕೂರುವ ಜಾಗದ ಗಾಜಿನಂಥ ಮುಚ್ಚಳವನ್ನು ಕೊನೆಗೆ ಅಂಟಿಸಬೇಕೆಂದು ಬಿಟ್ಟಿದ್ದರು. ಪುಟ್ಟ ಪೈಲಟ್‌ನ ಮೊಣಕಾಲ ಮುಂದೆ ಒಂದು ಸಂದಿ ಇತ್ತು, ಅದರಾಚೆ ಟೊಳ್ಳು ಮೂಗು. ನಾಣ್ಯ ಹಿಡಿಸುವುದಿಲ್ಲ. ಮೊಳೆ ಉದ್ದ. ಸೂಜಿಗೆ ಭಾರವೇ ಇಲ್ಲ. ಕಪಾಟಿನ ಕೆಳಖಾನೆಯಲ್ಲಿ ಕೈಯಾಡಿಸುವಾಗ ಚಾದರಗಳ ಹಿಂದಿದ್ದ ಪುಟ್ಟ ಪ್ಲಾಸ್ಟಿಕ್ ಬಾಟಲಿ ಬೆರಳಿಗೆ ತಾಕಿತು.

ಆಸ್ಪತ್ರೆಯವರು ಕೊಟ್ಟ ಬಾಟಲಿ. ಒಳಗೆ ಅವನ ಮಣಿಕಟ್ಟಿನಿಂದ ತೆಗೆದ ಪಟ್ಟಿ ಮತ್ತು ಸ್ಕ್ರೂಗಳಿದ್ದವು. "ಒಗದು ಬಿಡು, ನನ್ನ ಕಣ್ಣಿಗೆ ಬೀಳಬಾರದು," ಎಂದಿದ್ದ. ಹೂಂ ಎಂದಿದ್ದಳು, ಆದರೆ ಎಸೆದಿರಲಿಲ್ಲ. ಅಷ್ಟು ದಿನ ಅವನ ಕೈಯನ್ನು ಒಳಗಿನಿಂದ ಹಿಡಿದಿದ್ದ ವಸ್ತುವನ್ನು ಕಸದ ಗಾಡಿಗೆ ಹಾಕಲು ಅವಳಿಗೆ ಮನಸ್ಸಾಗಿರಲಿಲ್ಲ.

ಸ್ಕ್ರೂಗಳು ಲವಂಗದ ಹಾಗಿದ್ದವು, ಪುಟ್ಟ ತಲೆ, ಗಿಡ್ಡ ಕಾಲು. ಲವಂಗಕ್ಕಿಂತ ಎಷ್ಟೋ ಭಾರ. ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದಳು. ಇದು ಸರಿಯೇ ಎಂದು ಕೇಳಲು ಯಾರೂ ಇರಲಿಲ್ಲ. ಆಮೇಲೆ ನೀರಿನ ಟಾಕಿ ಸೋರಿದಾಗ ತಂದು ಉಳಿದಿದ್ದ ಎಂ-ಸೀಲಿನ ಕರಿ ತುಂಡು, ಬಿಳಿ ತುಂಡು ಎರಡನ್ನೂ ಚಪಾತಿ ಹಿಟ್ಟಿನಂತೆ ನಾದಿ, ಕಸಬರಿಗೆಯ ಕಡ್ಡಿಯಿಂದ ಮೂಗಿನೊಳಗೆ ತಳ್ಳಿದಳು. ಅದರೊಳಗೆ ಸ್ಕ್ರೂಗಳನ್ನು ಒಂದೊಂದಾಗಿ ಒತ್ತಿದಳು. ಪ್ರತಿ ಸಲವೂ ವಿಮಾನವನ್ನು ಕೆಳಗಿಟ್ಟು ನೋಡಿದಳು. ಕೊನೆಗೊಮ್ಮೆ ಮೂಗು ತಾನಾಗಿ ಬಾಗಿ, ಮುಂದಿನ ಗಾಲಿ ರಟ್ಟಿಗೆ ತಾಗಿತು. ಸದ್ದಾಗಲಿಲ್ಲ. ಪಟ್ಟಿ ಮಾತ್ರ ಸಂದಿಗೆ ಹಿಡಿಸುವಂತಿರಲಿಲ್ಲ. ಅದನ್ನು ಬಾಟಲಿಯಲ್ಲೇ ಬಿಟ್ಟಳು. ಟೇಪನ್ನು ಇದ್ದ ಹಾಗೆಯೇ ಒತ್ತಿ ಬಂದು ಮಲಗಿದಳು. ನಿದ್ದೆ ಬರಲಿಲ್ಲ.

ಭಾನುವಾರವಾದ್ದರಿಂದ ಅವಳಿಗೆ ಬಸ್ಸಿನ ಗಡಿಬಿಡಿ ಇರಲಿಲ್ಲ. ಮುಜಾಫರ ಚಹಾಕ್ಕೂ ಕಾಯದೆ ಮೇಜಿನ ಮುಂದೆ ಕೂತ. ಅಡಿಗೆಮನೆಯ ಬಾಗಿಲಲ್ಲಿ ಸಿತಾರಾ ಚಹಾ ಸೋಸುವ ಜಾಳಿಗೆ ಹಿಡಿದು ನಿಂತಿದ್ದಳು. ಅವನು ಟೇಪು ಎಳೆದ. ವಿಮಾನ ನಿಂತಿತ್ತು. ಬಗ್ಗಿ ಫೂ ಎಂದು ಊದಿದ. ಆಗಲೂ ನಿಂತಿತ್ತು.

ಅವಳು ಉಸಿರು ಬಿಡುವಷ್ಟರಲ್ಲಿ ಅವನು ಅದನ್ನು ಬಲಗೈಯಲ್ಲಿ ಎತ್ತಿಕೊಂಡು, ಅಂಗೈಯನ್ನು ಮೇಲೆ ಕೆಳಗೆ ಆಡಿಸಿದ.

"ಭಾರ ಆಗೇತಲ್ಲ ಇದು."

"ಏನ್ರಿ?"

"ನಿನ್ನಿಗಿಂತ ಭಾರ ಅನಸಾಕತ್ತೈತಿ."

"ಬಣ್ಣದ್ದಿರಬೇಕ್ರಿ."

"ಬಣ್ಣ ಒಣಗಿದ್ರ ಹಗರ ಆಗತೈತಿ, ಭಾರ ಆಗಂಗಿಲ್ಲ." ಅವನು ವಿಮಾನವನ್ನು ಕೆಳಗಿಟ್ಟು ಮತ್ತೆ ಎತ್ತಿದ. ಮತ್ತೆ ಕೆಳಗಿಟ್ಟ. ಮಣಿಕಟ್ಟಿನ ಗಾಯದ ಗೆರೆಯನ್ನು ಇನ್ನೊಂದು ಕೈಯಿಂದ ಒತ್ತಿಕೊಂಡ. "ಹಂಗಾದ್ರ ಕೈನ ಸುಳ್ಳು ಹೇಳಾಕತ್ತೈತಿ. ಮೊದಲ ಏನೂ ಹೇಳತಿರಲಿಲ್ಲ, ಈಗ ಸುಳ್ಳು ಹೇಳತೈತಿ."

ನೆಟ್ಟಗೆ ನಿಂತ ವಿಮಾನವನ್ನು ಅವನು ನೋಡುತ್ತಲೇ ಇರಲಿಲ್ಲ. ಜಾಳಿಗೆಯಿಂದ ಚಹಾದ ಹನಿ ಸಿತಾರಾಳ ಪಾದದ ಮೇಲೆ ಬಿತ್ತು. ರಾತ್ರಿಯೆಲ್ಲ ಅವಳು ಕಾದದ್ದು ಗಾಲಿಗಳನ್ನು. ಸುಮ್ಮನಿದ್ದರೆ ವಿಮಾನ ಉಳಿಯುತ್ತಿತ್ತು, ಕೈ ಹೋಗುತ್ತಿತ್ತು.

"ಕೈ ಖರೇನ ಹೇಳಾಕತ್ತೈತ್ರಿ," ಎಂದಳು. "ಭಾರ ಆಗೇತಿ. ನಾನ ಹಾಕೇನಿ."

"ಏನು?"

"ತೂಕ. ಹಾಳ್ಯಾಗ ಐದು ಗ್ರಾಂ ಅಂತ ಇತ್ತಲ್ರಿ, ಅದು ವಿಮಾನದ ತೂಕ ಅಲ್ಲ. ಮೂಗಿನ್ಯಾಗ ಇಡಬೇಕಾದ್ದು. ನಾ ತಪ್ಪು ಓದಿದ್ದೆ. ರಾತ್ರಿ ತಿಳೀತು, ಎದ್ದು ಹಾಕಿದೆ."

ಅವನು ಹಾಳೆಯನ್ನು ಎಳೆದುಕೊಂಡು ಬಾಣದ ಗುರುತನ್ನು ನೋಡಿದ. ಅವಳನ್ನು ನೋಡಿದ. ವಕೀಲ ಎಂಬ ಮಾತು ಬರುತ್ತದೆಂದು ಅವಳು ಕಾದಳು.

"ಐದ ಗ್ರಾಂ?"

"ಅಷ್ಟ ಇದ್ದೀತು. ಒಂದೀಟು ಹೆಚ್ಚು ಕಡಿಮಿ."

ಅವನು ಕಣ್ಣು ಮುಚ್ಚಿ ವಿಮಾನವನ್ನು ಮತ್ತೆ ಅಂಗೈಗೆ ತೆಗೆದುಕೊಂಡ. ಬೆರಳುಗಳು ಅದರ ಹೊಟ್ಟೆಯ ಕೆಳಗೆ ಮೆಲ್ಲಗೆ ಏರಿ ಇಳಿದವು.

"ನೀ ಹೇಳಿರಲಿಲ್ಲ," ಎಂದ. "ಯಾರೂ ಹೇಳಿರಲಿಲ್ಲ. ಆದ್ರೂ ಗೊತ್ತಾತು ನೋಡು ಈ ಕೈಗೆ."

"ಹೂಂನ್ರಿ."

"ಐದ ಗ್ರಾಂ ಗೊತ್ತಾತು."

ಅವಳು ಒಳಗೆ ಹೋಗಿ ಚಹಾ ಸೋಸಿದಳು. ಕಪ್ಪು ತುಂಬಿ ಸಾಸರಿಗೆ ಚೆಲ್ಲಿದ್ದನ್ನು ಆಮೇಲೆ ನೋಡಿದಳು. ಹೊರಗಿನಿಂದ ಅವನ ದನಿ ಬಂತು: "ಊರ ಮಂದಿ ತಪ್ಪು ತಿದ್ದಾಕಿಗೆ ವಿಮಾನ ಯಾವದು, ಬಿಸ್ಕಿಟ್ ಪುಡಾ ಯಾವದು ತಿಳೀಲಿಲ್ಲ ನೋಡು."

"ಪೆಟ್ರೋಲ್ ಉಳೀತು ಅಂದವರು ಯಾರ್ರಿ?" ಎಂದಳು ಒಳಗಿನಿಂದಲೇ.

ಮಾತು ಕೇಳಿಸಿಕೊಂಡೇ ಪಂಢರಿನಾಥ ಕಾಕಾ ಒಳಗೆ ಬಂದರು. ಕನ್ನಡಕ ಏರಿಸಿ ಮೇಜಿನ ಸುತ್ತ ಒಂದು ಸುತ್ತು ಬಂದರು.

"ಭಲೇ ನಿಂತೈತಲ್ಲೋ ಮುಜಾಫರ. ನಮ್ಮ ಮಾವನ ಮಗ ಇಂಥಾದ್ದ ಒಂದು ಮಾಡಿದ್ದ. ಅದು ಜನ್ಮ ಪೂರ್ತಿ ಕುಂತ ನಾಯಿಗತೆ ಬಾಲದ ಮ್ಯಾಲೆ ಕುಂತಿತ್ತು. ನೀವೇನ ಮಾಡಿದ್ರಿ?"

"ಮೂಗಿನ್ಯಾಗ ತೂಕ ಹಾಕೇವಿ ಕಾಕಾ," ಎಂದ ಮುಜಾಫರ, ಮೊದಲಿನಿಂದಲೂ ಗೊತ್ತಿದ್ದವನಂತೆ. ಆಮೇಲೆ ಅವಳ ಕಡೆ ತಿರುಗಿದ. "ಏನ ಹಾಕಿದಿ ಅಂದಂಗ?"

"ಸ್ಕ್ರೂ ರಿ."

"ಯಾವ ಸ್ಕ್ರೂ?"

ಸಿತಾರಾ ಮಾತನ್ನು ಒಮ್ಮೆ ಮನಸ್ಸಿನಲ್ಲಿ ತಿದ್ದಿಕೊಂಡಳು. "ಹಳೇವು. ಅವುಗಳ ಕೆಲಸ ಮುಗಿದಿತ್ತು. ಕಪಾಟಿನ್ಯಾಗ ಸುಮ್ಮ ಬಿದ್ದಿದ್ದವು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಛಲೋ ಮಾಡಿದಿ," ಎಂದು ಅವನು ಗಾಜಿನ ಮುಚ್ಚಳಕ್ಕೆ ಅಂಟು ಹಚ್ಚತೊಡಗಿದ. ಬಲಗೈಯಿಂದ ಅದನ್ನು ಪೈಲಟ್‌ನ ತಲೆಯ ಮೇಲೆ ಇಳಿಸಿ, ಗಟ್ಟಿಯಾಗುವ ತನಕ ಎರಡು ಬೆರಳಲ್ಲಿ ಒತ್ತಿ ಹಿಡಿದ. ಎಡಗೈಯಲ್ಲಿ ಫೋನು ಕಿವಿಗಿಟ್ಟುಕೊಂಡ. "ರಾಜಶೇಖರ, ನಾ ಮಾತಾಡಾಕತ್ತೇನಿ. ನಾಳೆ ಬರತೇನಿ. ಫರಾಜಗ ಹೇಳು, ನನ್ನ ಸ್ಟೂಲ್ ಖಾಲಿ ಮಾಡು ಅಂತ."

ಕಾಕಾ ನಕ್ಕರು. ಇನ್ನು ಆ ಮೂಗಿನೊಳಗೆ ಯಾರೂ ನೋಡಲಾರರು. ಸಿತಾರಾ ಕಪಾಟಿನ ಬಳಿ ಹೋಗಿ, ಪಟ್ಟಿಯೊಂದೇ ಉಳಿದಿದ್ದ ಬಾಟಲಿಯನ್ನು ಚಾದರಗಳ ಹಿಂದೆ ಇನ್ನಷ್ಟು ಒಳಗೆ ಸರಿಸಿದಳು. ರಾತ್ರಿ ಕೇಳಿದ ಸದ್ದನ್ನಾಗಲಿ, ಆ ಸ್ಕ್ರೂಗಳು ಎಲ್ಲಿಯವು ಎಂಬುದನ್ನಾಗಲಿ ಯಾರಿಗೂ ಹೇಳುವುದು ಬೇಡ ಎಂದುಕೊಂಡಳು. ಆಮೇಲೆ ಕಪಾಟಿನ ಚಿಲಕ ಹಾಕಿ, ಹಾಕಿದೆಯೇ ಎಂದು ಒಮ್ಮೆ ಎಳೆದು ನೋಡಿದಳು.